ಆರ್‌ಟಿಒ ಜಾಸ್ತಿಯಾಗಿದೆ ಮಾವ

ಅಜ್ಜಂಪುರದಿಂದ ತಂಗಿಯ ಮಗ ಫೋನು ಮಾಡಿದ. ‘ಮಾವ, ಈ ತಿಂಗಳು ಆರ್‌ಟಿಒ ವಿಪರೀತ ಜಾಸ್ತಿಯಾಗಿದೆ. ತಲೆ ಕೆಟ್ಟುಹೋಗಿದೆ.’

ನಾನು ಕಡೂರಿನವನು, ನಾಲ್ಕು ಊರಿನ ನೀರು ಕುಡಿದವನು. ‘ಹೆಲ್ಮೆಟ್ ಹಾಕ್ಕೊಂಡು ಓಡಾಡೋ, ಇನ್ಶೂರೆನ್ಸ್ ಕಟ್ಟು, ತರೀಕೆರೆಗೆ ಹೋಗಿ ಇರೋ ದಂಡ ತುಂಬಿ ಬಾ, ಎಲ್ಲ ಸರಿಹೋಗುತ್ತೆ’ ಎಂದೆ. ಅವರ ಕಡೆಯ ಗಾಡಿಗಳ ಮೇಲೆ ಕೆಎ-66 ಎಂದಿರುವುದೂ ಆ ನಂಬರು ತರೀಕೆರೆಯದೆಂಬುದೂ ನನಗೆ ಗೊತ್ತು. ಅವನು ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ, ಅರಳುಮರಳಾದ ಅಜ್ಜನಿಗೆ ಮಾತ್ರೆ ನುಂಗಿಸುವವರ ದನಿಯಲ್ಲಿ, ‘ಅದಲ್ಲ ಮಾವ. ರಿಟರ್ನ್ ಟು ಒರಿಜಿನ್’ ಎಂದ.

ಅಂದರೆ ಇಷ್ಟು: ಅಜ್ಜಂಪುರದಿಂದ ಪಾರ್ಸೆಲ್ ಹೊರಡುತ್ತದೆ. ಕಲಬುರಗಿಗೋ ಕಾನ್ಪುರಕ್ಕೋ ಹೋಗುತ್ತದೆ. ಅಲ್ಲಿ ಆರ್ಡರ್ ಮಾಡಿದ ಪುಣ್ಯಾತ್ಮ ‘ನಾನಲ್ಲ, ನನ್ನ ಮಗು ಫೋನು ಒತ್ತಿಬಿಟ್ಟಿತ್ತು’ ಎನ್ನುತ್ತಾನೆ. ಹೋದ ದಿಬ್ಬಣ ಹೆಣ್ಣಿಲ್ಲದೆ ವಾಪಸು ಬಂದಂತೆ ಪಾರ್ಸೆಲ್ ಅಜ್ಜಂಪುರಕ್ಕೆ ಮರಳುತ್ತದೆ. ಹೋದದ್ದಕ್ಕೂ ಬಂದದ್ದಕ್ಕೂ ಬಾಡಿಗೆ ನಮ್ಮ ಹುಡುಗನದು.

ಈ ದಿಬ್ಬಣ ಹೊರಟದ್ದು ಹೇಗೆ ಎಂದು ಹೇಳಬೇಕು. ಎರಡು ವರ್ಷದ ಹಿಂದೆ ಅವನು 99 ರೂಪಾಯಿ ಕೊಟ್ಟು ಒಂದು ವೆಬಿನಾರ್‌ಗೆ ಕೂತ. ‘ಸಣ್ಣ ಊರಿನಿಂದ ದೊಡ್ಡ ಕೋಟಿ’ ಎಂಬ ಅರ್ಥದ ಶೀರ್ಷಿಕೆ. ಕೋಚ್ ಎನ್ನುವವರು ಒಂದು ಕಾರಿಗೆ ಒರಗಿ ನಿಂತ ಫೋಟೋ. ಶುರುವಾದ ಕೂಡಲೇ ಅವರ ಮೊದಲ ಮಾತು, ‘ಎಲ್ಲರೂ ಮ್ಯೂಟ್ ಮಾಡ್ಕೊಳ್ಳಿ.’

ನನಗೆ ಇದು ಹೊಸದಾಗಿ ಕಾಣಲಿಲ್ಲ. ಪಕ್ಕದ ಬೀರೂರಿನಲ್ಲಿ ದಸರೆಯ ಹೊತ್ತಿಗೆ ಮಹಾನವಮಿ ಬಯಲಿನಲ್ಲಿ ಮೈಲಾರಲಿಂಗಸ್ವಾಮಿಯ ಕಾರ್ಣಿಕ ನಡೆಯುತ್ತದೆ. ಅತ್ತ ಮೈಲಾರದ ಕಡೆ ಕಾರ್ಣಿಕಕ್ಕೆ ಮುಂಚೆ ‘ಸದ್ದಲೇ’ ಎಂದು ಕೂಗುತ್ತಾರಲ್ಲ, ಅದೇ ಈ ಮ್ಯೂಟ್. ಆಮೇಲೆ ಬರುವುದು ಒಂದೆರಡು ಸಾಲಿನ ಒಗಟು. ರೈತ ಅದರಲ್ಲಿ ಮಳೆ ಹುಡುಕುತ್ತಾನೆ, ಟಿವಿಯವರು ಮುಖ್ಯಮಂತ್ರಿಯನ್ನು ಹುಡುಕುತ್ತಾರೆ, ಅಡಿಕೆಯವರು ಧಾರಣೆ ಹುಡುಕುತ್ತಾರೆ. ಎಲ್ಲರಿಗೂ ಸಿಗುತ್ತದೆ. ಕೋಚ್ ನುಡಿದದ್ದೂ ಹಾಗೇ: ‘ಮಾರಬೇಡಿ, ಮೌಲ್ಯ ಕೊಡಿ.’ ‘ಗ್ರಾಹಕನ ನೋವನ್ನು ಹುಡುಕಿ.’ ‘ಬೆಳಗಿನ ಜಾವ ನಾಲ್ಕಕ್ಕೆ ಎದ್ದವನೇ ಮಾರುಕಟ್ಟೆಯ ದೊರೆ.’ ವ್ಯತ್ಯಾಸ ಒಂದೇ. ಕಾರ್ಣಿಕ ನುಡಿದ ಗೊರವಯ್ಯ ಇಳಿದು ಮನೆಗೆ ಹೋಗುತ್ತಾನೆ. ‘ಈ ಸಾಲಿನ ಅರ್ಥ ತಿಳಿಯಬೇಕಾದರೆ 4,999, ಪಕ್ಕದಲ್ಲಿ ಕೂರಿಸಿಕೊಂಡು ಹೇಳಬೇಕಾದರೆ 49,999, ಈ ರಾತ್ರಿ ಹನ್ನೆರಡರವರೆಗೆ ಮಾತ್ರ’ ಎನ್ನುವುದಿಲ್ಲ.

ನಾಲ್ಕಕ್ಕೆ ಏಳುವ ಸೂತ್ರದ ಬಗ್ಗೆ ತಂಗಿಗೆ ಬಹಳ ಸಂತೋಷವಾಗಿತ್ತು. ಮಗ ಎದ್ದು ಹಾಲು ಕರೆದಾನು ಎಂದುಕೊಂಡಳು. ಅವನು ಎದ್ದು ದೀಪ ಹಾಕಿ, ತಾನು ಎದ್ದದ್ದನ್ನು ರೀಲ್ಸ್ ಮಾಡಿ ಮತ್ತೆ ಮಲಗಿದ.

ಮೊದಲ ಪಾಠ: ನಿಮ್ಮ ಊರಿನ ವಿಶೇಷವನ್ನು ಬ್ರ್ಯಾಂಡ್ ಮಾಡಿ. ಅಜ್ಜಂಪುರವೆಂದರೆ ಅಮೃತ ಮಹಲ್ ತಳಿಯ ಸರ್ಕಾರಿ ಫಾರಂ. ಹುಡುಗನ ಕಣ್ಣು ಅರಳಿತು. ‘ಅಮೃತ ಮಹಲ್ ಎ2 ಬಿಲೋನಾ ತುಪ್ಪ’. ಹೆಸರಿನಲ್ಲೇ ಅಮೃತ, ಹೆಸರಿನಲ್ಲೇ ಮಹಲು, ಇನ್ನೇನು ಬೇಕು! ನಾನು ಅವನಿಗೆ ಚರಿತ್ರೆ ಹೇಳಬೇಕಾಯಿತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಈ ಇಲಾಖೆಯ ಹೆಸರು ಬೆಣ್ಣೆ ಚಾವಡಿ. ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಬೆಣ್ಣೆಗೆ ಅಮೃತವೆಂಬ ಲೇಬಲ್ಲು ಅಂಟಿಸುವ ವಿದ್ಯೆಯನ್ನು ಕೋಚ್ ಕಂಡುಹಿಡಿಯಲಿಲ್ಲ. ಆದರೆ ಅಷ್ಟರಲ್ಲಿ ಆ ದನಗಳ ನಿಜವಾದ ಕೆಲಸ ದಂಡಿನ ಫಿರಂಗಿ ಎಳೆಯುವುದಾಗಿತ್ತು. ಓಟಕ್ಕೆ, ಉಳುಮೆಗೆ, ಭಾರಕ್ಕೆ ಅವುಗಳನ್ನು ಮೀರಿಸುವ ತಳಿಯಿಲ್ಲ. ಹಾಲು ಮಾತ್ರ ಕರುವಿಗೆ ಆಗಿ ಉಳಿದರೆ ದಿನಕ್ಕೆ ಒಂದೆರಡು ಲೀಟರು. ನಾಟಿ ಹಸುವಿನ ಒಂದು ಕೆಜಿ ತುಪ್ಪಕ್ಕೆ ಇಪ್ಪತ್ತೈದು ಮೂವತ್ತು ಲೀಟರ್ ಹಾಲು ಬೇಕು. ತಿಂಗಳಿಡೀ ಕರುವನ್ನು ಉಪವಾಸ ಕೆಡವಿದರೆ ಹುಡುಗನಿಗೆ ಒಂದು ಬಾಟಲಿ ತುಪ್ಪ ಸಿಗುತ್ತಿತ್ತು. ‘ಫಿರಂಗಿ ಮಾರೋ, ತುಪ್ಪ ಬೇಡ’ ಎಂದೆ. ಅದೇ ಹೊತ್ತಿಗೆ, 2024ರ ಆಗಸ್ಟಿನಲ್ಲಿ, ಆಹಾರ ಸುರಕ್ಷತಾ ಪ್ರಾಧಿಕಾರ ಹಾಲು ತುಪ್ಪದ ಮೇಲಿನ ಎ1, ಎ2 ಬರಹ ತೆಗೆಯಿರಿ ಎಂದು ಆದೇಶಿಸಿತು. ವಾರ ತುಂಬುವ ಮೊದಲೇ ಆ ಆದೇಶವನ್ನೇ ವಾಪಸು ಪಡೆಯಿತು. ಅದೂ ಒಂದು ಬಗೆಯ ರಿಟರ್ನ್ ಟು ಒರಿಜಿನ್.

ಬ್ರ್ಯಾಂಡ್ ವಿಷಯಕ್ಕೆ ಬಂದರೆ ಕಡೂರಿನವರಾದ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1947ರವರೆಗೆ ಇಡೀ ಜಿಲ್ಲೆಯ ಹೆಸರೇ ಕಡೂರು. ಕಚೇರಿಗಳೆಲ್ಲ ಚಿಕ್ಕಮಗಳೂರಿನಲ್ಲಿ, ಬೋರ್ಡಿನ ಮೇಲೆ ಮಾತ್ರ ನಾವು. ಇಂದು ಬೆಂಗಳೂರಿನ ಹುಡುಗರು ತಿಂಗಳಿಗಿಷ್ಟು ಎಂದು ಬಾಡಿಗೆ ಕೊಟ್ಟು ‘ವರ್ಚುವಲ್ ಆಫೀಸ್’ ಇಟ್ಟುಕೊಳ್ಳುತ್ತಾರೆ. ನಾವು ಬ್ರಿಟಿಷರ ಕಾಲದಲ್ಲೇ ಅದನ್ನು ಪುಕ್ಕಟೆ ನಡೆಸಿ, ಕೊನೆಗೆ ಹೆಸರನ್ನೂ ಬಿಟ್ಟುಕೊಟ್ಟು ಕೂತವರು. ಇನ್ನು ತರೀಕೆರೆಯವರದು ನೋಡಿ. 1196ರಲ್ಲಿ ಎರಡನೆಯ ವೀರಬಲ್ಲಾಳನ ದಂಡನಾಯಕ ಅಮಿತಯ್ಯ, ಅಮೃತೇಶ್ವರ ಎಂದರೂ ಅವನೇ, ಅಮೃತಾಪುರದಲ್ಲಿ ಗುಡಿ ಕಟ್ಟಿಸಿದ. ಶಿಲ್ಪಿ ಮಲ್ಲಿತಮ್ಮ ಕೆಲಸಕ್ಕೆ ಬಂದ. ಶಾಸನ ಬರೆಯಲು ಜನ್ನ! ಕಂಟೆಂಟ್ ಬರೆಯಲು ಕವಿಚಕ್ರವರ್ತಿಯನ್ನು ಕರೆಸಿದ ಗಿರಾಕಿ ಅವನೊಬ್ಬನೇ ಇರಬೇಕು. ಈಗಿನವರಿಗೆ ಆ ಕೆಲಸಕ್ಕೆ ಚಾಟ್‌ಜಿಪಿಟಿ ಸಾಕು. ‘ಪ್ರಕೃತಿಯ ಮಡಿಲಿನಿಂದ ನಿಮ್ಮ ಮನೆ ಬಾಗಿಲಿಗೆ’ ಎಂಬ ಒಂದೇ ಸಾಲು ತುಪ್ಪಕ್ಕೂ, ಜೇನಿಗೂ, ಪ್ಲಾಸ್ಟಿಕ್ ಬಕೆಟ್ಟಿಗೂ ಒಪ್ಪುತ್ತದೆ.

ತುಪ್ಪ ಬಿಟ್ಟ ಹುಡುಗ ರಾಗಿ ಹುರಿಹಿಟ್ಟಿಗೆ ಬಂದ. ಇದು ಬುದ್ಧಿವಂತಿಕೆ ಎಂದೇ ನನಗೂ ಅನ್ನಿಸಿತು. ರಾಗಿ ನಮ್ಮದೇ ನೆಲದ್ದು, ತಂಗಿಯ ಕೈಯ ಹದ ಊರಿಗೆಲ್ಲ ಗೊತ್ತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ನಾವು ಬೇಸರಪಟ್ಟು ತಿನ್ನುತ್ತಿದ್ದದ್ದನ್ನೆಲ್ಲ ಪೇಟೆಯವರು ಹೆಮ್ಮೆಯಿಂದ ತಿನ್ನತೊಡಗಿದ್ದರು. ಹೆಸರು ‘ಹುರಿಹಿಟ್ಟು’ ಎಂದರೆ ಹೋಗುವುದಿಲ್ಲವೆಂದು ಕೋಚ್ ‘ಏನ್ಶಿಯಂಟ್ ರೋಸ್ಟ್’ ಎಂದು ಇಡಿಸಿದರು. 400 ಗ್ರಾಂ ಡಬ್ಬಿಗೆ 249 ರೂಪಾಯಿ. 2025–26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886, ಅಂದರೆ ಕೆಜಿಗೆ ಐವತ್ತೂ ಇಲ್ಲ. ತಂಗಿ ಬಾಯಿ ಮೇಲೆ ಸೆರಗಿಟ್ಟು, ‘ಅಣ್ಣಯ್ಯ, ಇದು ಪಾಪ ಅಲ್ವಾ?’ ಎಂದಳು.

ಪಾಪ ಯಾರಿಗೆ ತಟ್ಟಿತು ಎಂಬುದು ಅವನ ಲೆಕ್ಕದ ಪುಸ್ತಕ ನೋಡಿದಾಗ ಗೊತ್ತಾಯಿತು. ರಾಗಿ, ಹುರಿದದ್ದು, ಬೀಸಿದ್ದು ಸೇರಿ 40. ಡಬ್ಬಿ, ಲೇಬಲ್ಲು, ರಟ್ಟಿನ ಪೆಟ್ಟಿಗೆ 35. ಕೊರಿಯರ್ 85. ಮನೆ ಬಾಗಿಲಲ್ಲಿ ದುಡ್ಡು ಎಣಿಸಿಕೊಂಡದ್ದಕ್ಕೆ 35. ಒಬ್ಬ ಗಿರಾಕಿಯನ್ನು ಹಿಡಿದು ತರಲು ಜಾಹೀರಾತಿಗೆ 60. ಕೂಡಿದರೆ 255. ಮಾರಿದ ಪ್ರತಿ ಡಬ್ಬಿಗೂ ಆರು ರೂಪಾಯಿ ಕೈಯಿಂದ. ಅದು ಗಿರಾಕಿ ತೆಗೆದುಕೊಂಡರೆ. ತೆಗೆದುಕೊಳ್ಳದಿದ್ದರೆ ಹೋಗಲು 85, ಬರಲು 80, ಜಾಹೀರಾತಿನ 60, ಒಟ್ಟು 225 ನೀರಿಗೆ. ಹತ್ತರಲ್ಲಿ ಮೂರು ಹೀಗೆ ಬರುತ್ತಿದ್ದವು. ತಂಗಿಯ ಕೂಲಿ ಈ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ಕೇಳಿದರೆ, ‘ಅಮ್ಮ ಹೇಗೂ ಮನೇಲೇ ಇರ್ತಾರಲ್ಲ ಮಾವ’ ಎಂದ. ಈ ಒಂದು ವಾಕ್ಯದ ಮೇಲೆ ನಮ್ಮ ದೇಶದ ಅರ್ಧ ಗೃಹೋದ್ಯಮ ನಿಂತಿದೆ.

ಕೋಚ್‌ಗೆ ಇದನ್ನು ತೋರಿಸಿದಾಗ ಅವರು ಬೆಚ್ಚಲಿಲ್ಲ. ‘ವಾಲ್ಯೂಮ್ ಹೆಚ್ಚಿಸಿ, ಸರಿಹೋಗುತ್ತದೆ’ ಎಂದರು. ಒಂದಕ್ಕೆ ಆರು ರೂಪಾಯಿ ಹೋದರೆ ಸಾವಿರಕ್ಕೆ ಆರು ಸಾವಿರ ಹೋಗುತ್ತದೆ. ಅದು ಹೇಗೋ ನಡುವೆ ಎಲ್ಲೋ ತಿರುಗಿ ಲಾಭವಾಗುತ್ತದಂತೆ.

ಕೊರಿಯರಿನ 85 ಯಾಕೆ ಎಂದು ವಿಚಾರಿಸಿದಾಗ ಇನ್ನೊಂದು ಬೆರಗು. ಹಿಟ್ಟು 400 ಗ್ರಾಂ. ಡಬ್ಬಿ ಪೆಟ್ಟಿಗೆ ಸೇರಿ 500 ದಾಟಿತು, ಮೇಲಿನ ದರ ಬಿತ್ತು. ಅಷ್ಟೇ ಅಲ್ಲ, ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿದರೆ ಬರುವುದು ಗಾತ್ರದ ತೂಕ. ನಿಜವಾದ ತೂಕ, ಗಾತ್ರದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ನಮ್ಮ ಕಾಲದ ಸಂತೆಯಲ್ಲಿ ತಕ್ಕಡಿಯ ಮೇಲೆ ಬೆರಳಿಡುತ್ತಿದ್ದರು, ಜಗಳವಾಡಬಹುದಿತ್ತು. ಈಗ ಡಬ್ಬಿಯೊಳಗಿನ ಗಾಳಿಯನ್ನೇ ತೂಗುತ್ತಾರೆ. ಜಗಳವಾಡಲು ಹೋದರೆ ‘ನಿಮ್ಮ ಕರೆ ನಮಗೆ ಮುಖ್ಯ’ ಎಂದು ಸಂಗೀತ ಕೇಳಿಸುತ್ತಾರೆ.

ಇದರ ನಡುವೆ ಅವನು ಉದ್ಯಮ್ ನೋಂದಣಿ ಮಾಡಿಸಿದ. ಅದಕ್ಕೆ 1,999 ತೆತ್ತ. 2020ರ ಜುಲೈನಿಂದ ಜಾರಿಯಲ್ಲಿರುವ ಈ ನೋಂದಣಿಗೆ ಸರ್ಕಾರದ ಪೋರ್ಟಲ್ಲಿನಲ್ಲಿ ಒಂದು ಪೈಸೆಯೂ ಇಲ್ಲ. ಸರ್ಕಾರಿ ಲಾಂಛನದಂಥದೇ ಚಿತ್ರ ಹಾಕಿಕೊಂಡ ಇನ್ನಾವುದೋ ತಾಣಕ್ಕೆ ದುಡ್ಡು ಹೋಗಿತ್ತು. ಇಡೀ ವ್ಯವಹಾರದಲ್ಲಿ ಖರ್ಚೇ ಇಲ್ಲದೆ ಲಾಭ ಮಾಡಿದ ಆನ್‌ಲೈನ್ ಉದ್ಯಮಿಯನ್ನು ನಾನು ಕಂಡದ್ದು ಅಲ್ಲೊಬ್ಬನನ್ನೇ.

ಕೋಚ್ ಪದೇ ಪದೇ ಹೇಳುತ್ತಿದ್ದದ್ದು ‘ಪ್ಲಾಟ್‌ಫಾರಂ ಹಿಡಿಯಿರಿ’ ಎಂದು. ಅದನ್ನು ಕೇಳಿ ನನಗೆ ನಗು ಬಂತು. ಈ ಸೀಮೆಗೆ ಪ್ಲಾಟ್‌ಫಾರಂ ಬಂದು ಶತಮಾನ ದಾಟಿದೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಹಳಿಯ ಮೇಲೆ ಕಡೂರು, ಬೀರೂರು, ಅಜ್ಜಂಪುರ. ಬೀರೂರಿನಲ್ಲಿ ಕವಲೊಡೆದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಹೋಗುವ ಹಳಿ 1899ರದು. ಆ ಪ್ಲಾಟ್‌ಫಾರಮ್ಮುಗಳ ಮೇಲೆ ಬುಟ್ಟಿ ಹೊತ್ತು ವಡೆ ಮಾರುವವನನ್ನು ನಾನು ಐವತ್ತು ವರ್ಷದಿಂದ ನೋಡುತ್ತಿದ್ದೇನೆ. ಗಾಡಿ ನಿಲ್ಲುವುದು ಎರಡು ನಿಮಿಷ. ಕಿಟಕಿಯೊಳಗೆ ವಡೆ ಕೊಟ್ಟು ದುಡ್ಡಿಗೆ ಕೈಚಾಚಿದರೆ ಗಾಡಿ ಹೊರಟಿರುತ್ತದೆ, ವಡೆಯೂ ದುಡ್ಡೂ ಒಟ್ಟಿಗೆ ಹುಬ್ಬಳ್ಳಿ ಸೇರುತ್ತವೆ. ಇಂಥ ನಾಲ್ಕು ಗಾಡಿ ತಪ್ಪಿದ ಮೇಲೆ ಅವನು ಮೊದಲು ಕಾಸು, ಆಮೇಲೆ ವಡೆ ಎಂದ. ಕ್ಯಾಶ್ ಆನ್ ಡೆಲಿವರಿಯನ್ನು ಅವನು ನನ್ನ ಸೋದರಳಿಯ ಹುಟ್ಟುವ ಮೊದಲೇ ಕೈಬಿಟ್ಟಿದ್ದ. ಅವನಿಗೆ ಗೊತ್ತಿದ್ದ ಇನ್ನೊಂದು ಸಂಗತಿ: ಪ್ಲಾಟ್‌ಫಾರಂ ತನ್ನದಲ್ಲ, ರೈಲ್ವೆಯದು. ನಾಳೆ ಗಾಡಿಯ ನಿಲುಗಡೆ ತೆಗೆದರೆ ವಡೆ ಎಷ್ಟು ಗರಿಯಾಗಿದ್ದರೂ ತಾನೇ ತಿನ್ನಬೇಕು. ಹುಡುಗನಿಗೆ ಇದು ಗೊತ್ತಾದದ್ದು ಒಂದು ಬೆಳಿಗ್ಗೆ ಅವನ ರೀಲ್ಸುಗಳನ್ನು ನೋಡುವವರು ಇದ್ದಕ್ಕಿದ್ದಂತೆ ಮಾಯವಾದಾಗ. ‘ಅಲ್ಗಾರಿದಂ ಬದಲಾಯ್ತು ಮಾವ’ ಎಂದ. ನಿಲುಗಡೆ ತೆಗೆದಿದ್ದರು, ಅಷ್ಟೆ.

ನಿಲುಗಡೆ ಎಂದರೆ ಇದೂ ನೆನಪಾಗುತ್ತದೆ. ನಮ್ಮ ಮಲೆನಾಡಿನ ಅಂಚಿನಲ್ಲಿ ಅಡಿಕೆ ಹಾಳೆಯ ತಟ್ಟೆ ಒತ್ತಿ ಸಮುದ್ರದಾಚೆ ಕಳಿಸುತ್ತಿದ್ದವರಿಗೆ ‘ಗ್ಲೋಬಲ್ ಆಗಿ’ ಎಂದು ಹೇಳಿಕೊಟ್ಟವರು ಬೇಕಾದಷ್ಟು ಮಂದಿ. 2025ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಡಿಎ ಆ ತಟ್ಟೆ ಆಹಾರಕ್ಕೆ ಯೋಗ್ಯವಲ್ಲ ಎಂದು ಕೂತಾಗ ಹೇಳಿಕೊಟ್ಟವರೆಲ್ಲ ಮ್ಯೂಟ್ ಆಗಿದ್ದರು.

‘ನೀವು ಮಲಗಿದ್ದಾಗಲೂ ನಿಮಗೆ ದುಡ್ಡು ಬರಬೇಕು’ ಎಂಬ ಪಾಠವೂ ಒಂದಿದೆ. ನಮ್ಮಪ್ಪ ನೆಟ್ಟ ಐವತ್ತು ತೆಂಗು ನಾವು ಮಲಗಿದ್ದಾಗಲೇ ಕಾಯಿ ಬಿಡುತ್ತವೆ. 2024ರ ಆರಂಭದಲ್ಲಿ ಕೊಬ್ಬರಿ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದು ತಿಪಟೂರು, ಅರಸೀಕೆರೆ, ಕಡೂರಿನ ಬೆಳೆಗಾರರು ನಫೆಡ್ ಖರೀದಿಯ ಹಾದಿ ಕಾಯುತ್ತಿದ್ದರು. 2025ರ ನಡುವಿಗೆ ಅದೇ ತಿಪಟೂರಿನಲ್ಲಿ ಕ್ವಿಂಟಲ್ ಕೊಬ್ಬರಿ ಮೂವತ್ತು ಸಾವಿರದ ಆಸುಪಾಸಿಗೆ ಏರಿತು. ಈ ನಡುವೆ ನಾವು ಮಾಡಿದ ಯೋಜನೆ, ರೂಪಿಸಿದ ತಂತ್ರ ಏನು ಎಂದರೆ, ಮರ ಕಡಿಯಲು ಬಂದವನಿಗೆ ಕೂಲಿ ಹೊಂದಿಸಲಾಗದೆ ವಾಪಸು ಕಳಿಸಿದ್ದು. ಬೆಲೆ ಏರಿದ ಮೇಲೆ ನಾವು ಮಲಗಿದ್ದಾಗ ದುಡ್ಡು ಬಂದದ್ದು ನಿಜ. ರಾತ್ರಿ ತೋಟಕ್ಕೆ ನುಗ್ಗಿ ಕಾಯಿ ಕಿತ್ತವರಿಗೆ ಬಂತು.

ತರೀಕೆರೆಯಲ್ಲಿ ನನ್ನ ಅತ್ತಿಗೆಯೊಬ್ಬರಿದ್ದಾರೆ. ಸಂಡಿಗೆ, ಹಪ್ಪಳ, ಚಟ್ನಿಪುಡಿ ಮಾರುತ್ತಾರೆ. ವೆಬ್‌ಸೈಟಿಲ್ಲ, ಲೋಗೋ ಇಲ್ಲ. ಇರುವುದು ವಾಟ್ಸಾಪ್ ಸ್ಟೇಟಸ್ಸು. ವರ್ಷಕ್ಕೆ ನೂರು ರೂಪಾಯಿ ಕಟ್ಟಿದ ಎಫ್‌ಎಸ್‌ಎಸ್‌ಎಐ ನೋಂದಣಿಯ ಕಾಗದ ದೇವರ ಪಟದ ಪಕ್ಕದಲ್ಲಿದೆ. ಫೋನು ಮಾಡಿದವರಿಗೆ ಮೊದಲು, ‘ನೀವು ಯಾರ ಪೈಕಿ?’ ಎಂದು ಕೇಳುತ್ತಾರೆ. ಎರಡು ಮಾತಿನಲ್ಲಿ ಯಾರದೋ ಬೀಗರು ಎಂದು ಹೊರಬೀಳುತ್ತದೆ. ಹೀಗೆ ಹೊರಬಿದ್ದ ಮೇಲೆ ಪಾರ್ಸೆಲ್ ಬೇಡವೆನ್ನುವ ಧೈರ್ಯ ಯಾರಿಗೂ ಇರುವುದಿಲ್ಲ. ಆ ಸುದ್ದಿ ಮುಂದಿನ ಮದುವೆಮನೆಯ ಪಂಕ್ತಿಯಲ್ಲಿ ಬರುತ್ತದೆ. ದುಡ್ಡು ಮೊದಲು, ಡಬ್ಬ ಆಮೇಲೆ ಕೆಎಸ್‌ಆರ್‌ಟಿಸಿಯ ಕಾರ್ಗೋದಲ್ಲಿ. ಹುಡುಗನನ್ನು ಅವರ ಹತ್ತಿರ ಕರೆದುಕೊಂಡು ಹೋದೆ. ಅವನು ಸುತ್ತ ನೋಡಿ, ‘ಅತ್ತೆ, ನೀವು ಸ್ಕೇಲ್ ಮಾಡಬೇಕು’ ಎಂದ.

‘ಏನು ಮಾಡ್ಬೇಕು?’

‘ಈಗ ಮಾರೋದರ ಹತ್ತರಷ್ಟು ಮಾರಬೇಕು.’

ಅತ್ತಿಗೆ ತಾರಸಿಯ ಮೇಲೆ ಹರಡಿದ ಸೀರೆಯನ್ನೂ ಅದರ ಮೇಲಿನ ಸಂಡಿಗೆಯನ್ನೂ ತೋರಿಸಿ, ‘ಇಲ್ಲಿ ಬರೋ ಬಿಸಿಲು ಇಷ್ಟೇ ಕಣಪ್ಪ. ಹತ್ತರಷ್ಟು ಬಿಸಿಲು ನಿಮ್ಮ ಮೇಷ್ಟ್ರ ಹತ್ರ ಇದ್ರೆ ಕಳಿಸಿಕೊಡು’ ಎಂದರು. ಆಷಾಢ ಹತ್ತಿರ ಬಂದಿತ್ತು. ಭದ್ರೆಯ ಕಡೆಯಿಂದ ಮೋಡ ಏಳುವ ತಿಂಗಳಲ್ಲಿ ಅವರ ಅಂಗಡಿಗೆ ಬಾಗಿಲು. ಕೋಚ್ ಪ್ರಕಾರ ಇದು ಬೆಳವಣಿಗೆಯ ಮನೋಭಾವದ ಕೊರತೆ.

ಅತ್ತಿಗೆಯನ್ನು ದೇವರ ಕೋಣೆಯಲ್ಲಿಟ್ಟು ಪೂಜಿಸುವ ಉದ್ದೇಶವೇನೂ ನನಗಿಲ್ಲ. ಅವರೂ ತಮ್ಮ ಕೂಲಿಯನ್ನು ಲೆಕ್ಕಕ್ಕೆ ಹಿಡಿದವರಲ್ಲ. ‘ಯಾರ ಪೈಕಿ’ ಎಂಬ ಪ್ರಶ್ನೆಗೆ ಸರಿಯಾದ ಉತ್ತರವಿಲ್ಲದವರಿಗೆ ಅವರ ಸಂಡಿಗೆ ‘ಖಾಲಿಯಾಗಿದೆ’ ಎಂಬುದನ್ನೂ ನಾನು ನನ್ನ ಕಿವಿಯಾರೆ ಕೇಳಿದ್ದೇನೆ. ಅಲ್ಗಾರಿದಂ ಕ್ರೂರ, ನಿಜ. ಆದರೆ ಅದು ಇನ್ನೂ ಬೀಗತನ ಕೇಳಲು ಕಲಿತಿಲ್ಲ.

ಕಡೆಗೆ ವಾಪಸು ಬಂದ ಡಬ್ಬಿಗಳು ಮೂರು ಮೂಟೆಯಾದವು. ಒಂದು ಪೆಟ್ಟಿಗೆಯೊಳಗೆ ಹುರಿಹಿಟ್ಟಿನ ಬದಲು ಒಂದು ಹಳೆಯ ಚಪ್ಪಲಿ ಬಂದಿತ್ತು, ಒಂದೇ ಕಾಲಿನದು. ಹುಡುಗ ಮೂಟೆಗಳನ್ನು ಪ್ಯಾಸೆಂಜರ್ ಗಾಡಿಗೆ ಹಾಕಿಕೊಂಡು ಕಡೂರಿಗೆ ಬಂದ. ಇಬ್ಬರೂ ನಮ್ಮ ಬೀದಿಯ ದಿನಸಿ ಅಂಗಡಿಗೆ ಹೋದೆವು.

ಅಂಗಡಿಯ ಮುಂದೆ ರಟ್ಟಿನ ಮೇಲೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂದು ಬರೆದು ನೇತುಹಾಕಿತ್ತು. ಅದು 2025ರ ಜುಲೈನದು. 2021–22ರಿಂದ ನಾಲ್ಕು ವರ್ಷದ ಯುಪಿಐ ಲೆಕ್ಕ ತೆಗೆದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ ತಿಂಗಳು. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕೆಂಬುದು ಕಾನೂನು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ನೋಟಿಸ್ ಬಂತೆಂಬ ಸುದ್ದಿ ಹಬ್ಬಿದ ದಿನ, ತೆರಿಗೆಯೇ ಇಲ್ಲದ ಸೊಪ್ಪು ಮಾರುವವಳೂ ಸ್ಕ್ಯಾನರ್ ಕಿತ್ತು ಚೀಲಕ್ಕೆ ಹಾಕಿದಳು. ಜುಲೈ 25ಕ್ಕೆ ಬಂದ್ ಎಂದರು; 23ಕ್ಕೆ ಮುಖ್ಯಮಂತ್ರಿ ಸಭೆ ಕರೆದು, ನೋಂದಣಿ ಮಾಡಿಸಿಕೊಳ್ಳಿ, ಹಳೇ ಬಾಕಿ ಕೇಳುವುದಿಲ್ಲ ಎಂದರು. ಭಯ ಇಳಿಯಿತು. ನಮ್ಮ ಶೆಟ್ಟರ ರಟ್ಟು ಮಾತ್ರ ಇಳಿಯಲಿಲ್ಲ.

ಶೆಟ್ಟರು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ‘ಏನಪ್ಪಾ ಇದು?’

‘ಏನ್ಶಿಯಂಟ್ ರೋಸ್ಟ್ ಅಣ್ಣ.’

ಮುಚ್ಚಳ ತೆಗೆದು ಮೂಸಿದರು. ‘ಹುರಿಹಿಟ್ಟು ಅನ್ನು ಮತ್ತೆ. ಘಮ ಚೆನ್ನಾಗಿದೆ. ನೂರಿಪ್ಪತ್ತು ಅಂತ ಚೀಟಿ ಅಂಟಿಸಿ ಇಟ್ಟು ಹೋಗು. ಹೋದಷ್ಟಕ್ಕೆ ಅಮಾವಾಸ್ಯೆಗೆ ದುಡ್ಡು, ಹೋಗದ್ದು ನಿಂದೇ.’

ಹುಡುಗ ನನ್ನ ಕಿವಿಯಲ್ಲಿ, ‘ಇದು ಮಾರ್ಕೆಟ್‌ಪ್ಲೇಸ್ ಮಾಡೆಲ್ ಮಾವ’ ಎಂದು ಪಿಸುಗುಟ್ಟಿದ. ಶೆಟ್ಟರಿಗೆ ಕೇಳಿಸಿತೋ ಏನೋ, ‘ಕಮಿಷನ್ ಡಬ್ಬಿಗೆ ಇಪ್ಪತ್ತು’ ಎಂದರು. ಹುಡುಗ ಫೋನು ತೆಗೆದು ಲೆಕ್ಕ ಹಾಕಿದ. ಎರಡನೇ ಸಲ ಹಾಕಿದ. ಎರಡು ವರ್ಷದಲ್ಲಿ ಮೊದಲ ಬಾರಿಗೆ ಉತ್ತರದ ಹಿಂದೆ ಮೈನಸ್ ಚಿಹ್ನೆ ಇರಲಿಲ್ಲ.

ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ಸಕ್ಕರೆ, ಟೀಪುಡಿ ತೆಗೆದುಕೊಂಡಳು. ಶೆಟ್ಟರು ಆ ಕಡೆ ಈ ಕಡೆ ನೋಡಿ, ಗೋಡೆಯ ಮೇಲಿನ ಲಕ್ಷ್ಮಿಯ ಕ್ಯಾಲೆಂಡರನ್ನು ಹೆಬ್ಬೆರಳಿನಿಂದ ಸ್ವಲ್ಪ ಎತ್ತಿದರು. ಅದರ ಹಿಂದೆ ಕಪ್ಪು ಬಿಳಿ ಚೌಕ. ಹೆಂಗಸು ಅಭ್ಯಾಸವಿದ್ದವಳಂತೆ ಫೋನು ಹಿಡಿದಳು. ಕ್ಯಾಲೆಂಡರು ಇಳಿಯಿತು. ಅಂಗಡಿಯಲ್ಲಿ ಎಲ್ಲರೂ ಯಾಕೋ ಒಮ್ಮೆಗೇ ಸುಮ್ಮನಾದೆವು.

ಮೂಲೆಯಲ್ಲಿದ್ದ ರಾಗಿ ಮೂಟೆ, ಆಳದಿಂದ, ಗಂಭೀರವಾಗಿ ನುಡಿಯಿತು: ‘ನೂರ ಮೂವತ್ತು ರೂಪಾಯಿ ಸ್ವೀಕರಿಸಲಾಗಿದೆ.’